ಲೀಗಿಗೆ ಊರಿನ ಹೆಸರು ಬೇಕು, ಊರಿನ ಹುಡುಗ ಬೇಡವೇ?

ಭತ್ತದ ಸುಗ್ಗಿ ಮುಗಿದು ಮಿಲ್ಲುಗಳ ಮುಂದೆ ಲಾರಿ ಸಾಲು ನಿಲ್ಲುವ ಹೊತ್ತಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಂಗಡಿಗಳ ಮುಂದೆ ಇನ್ನೊಂದು ಸಾಲು ನಿಲ್ಲುತ್ತದೆ. ಇದು ಪಟ್ಟಿ ಎತ್ತುವವರ ಸಾಲು. ಜಾತ್ರೆ ಪಟ್ಟಿ ಹಳೆಯದು, ಗಣಪತಿ ಪಟ್ಟಿ ಗೊತ್ತಿದ್ದದ್ದೇ. ಈಚಿನ ವರ್ಷಗಳಲ್ಲಿ ಇವುಗಳ ಜೊತೆ ಸೇರಿಕೊಂಡದ್ದು 'ಲೀಗ್' ಪಟ್ಟಿ.

"ಸಾವಕಾರ್ರ, ಈ ಸಲ ಪ್ರೀಮಿಯರ್ ಲೀಗ್ ಮಾಡಾಕತ್ತೀವ್ರಿ. ನಿಮ್ಮ ಅಂಗಡಿ ಹೆಸರ್ಲೆ ಒಂದು ಟೀಮ್ ಹಿಡೀರಿ."

"ಹೋದ ಸಲದ್ದು ಲೆಕ್ಕ ಏನಾತೋ ತಮ್ಮಾ?"

"ಅದು ಬ್ಯಾರೆ ಕಮಿಟಿ ಇತ್ರಿ."

ಊರು ಯಾವುದೇ ಇರಲಿ, ಹೋದ ಸಲದ ಕಮಿಟಿ ಯಾವಾಗಲೂ ಬ್ಯಾರೆಯೇ. ಸಾವಕಾರ ಕಿಸೆಗೆ ಕೈ ಹಾಕುತ್ತಾನೆ. ಕೊಡದಿದ್ದರೆ ನಾಳೆ ಗಿರಾಕಿ ಮುಖ ತಿರುವುತ್ತಾನೆ ಎಂಬ ಅಂಜಿಕೆ ಒಂದು ಕಡೆ, ಊರ ಹುಡುಗರು ಆಡಲಿ ಬಿಡು ಎಂಬ ಆಸೆ ಇನ್ನೊಂದು ಕಡೆ. ಕಲ್ಯಾಣ ಮಂಟಪದಲ್ಲಿ ಆಟಗಾರರ ಹರಾಜು ನಡೆಯುತ್ತದೆ. ನಾಲ್ಕು ದಿನ ಪೆಂಡಾಲು, ಡಿಜೆ, ಪುಢಾರಿಗಳ ಮುಖ ತುಂಬಿದ ಫ್ಲೆಕ್ಸು. ಕೊನೆಯ ದಿನ ಹುಡುಗನಿಗಿಂತ ಎತ್ತರದ ಕಪ್ಪು. ಐದನೇ ದಿನ ಪೆಂಡಾಲಿನವನು ಗಳ ಕಿತ್ತುಕೊಂಡು ಹೋಗುತ್ತಾನೆ. ಮೈದಾನ ಮತ್ತೆ ಜಾಲಿ ಮುಳ್ಳಿಗೆ, ಎಮ್ಮೆಗೆ, ಮುಂದಿನ ಬಹಿರಂಗ ಸಭೆಗೆ. ಹುಡುಗನಿಗೆ ಉಳಿದದ್ದು ಬೆನ್ನ ಮೇಲೆ ಹೆಸರಿರುವ ಒಂದು ಜೆರ್ಸಿ.

ಇವೆಲ್ಲ ಬಹುಪಾಲು ಟೆನಿಸ್ ಬಾಲ್ ಕ್ರಿಕೆಟ್ಟಿನ ಕತೆ. ಕೇರಳದಲ್ಲಿ 2024ರಲ್ಲಿ ಶುರುವಾದ ಫುಟ್ಬಾಲ್ ಲೀಗನ್ನು ಮೊಬೈಲಿನಲ್ಲಿ ನೋಡಿದ ಹುಡುಗರು ಅಂಥದ್ದೊಂದು ಇಲ್ಲೂ ಆಗಲಿ ಎಂದು ಆಸೆಪಟ್ಟರೆ ತಪ್ಪೇನಿಲ್ಲ. ಆಗಲೇಬೇಕು. ಫುಟ್ಬಾಲ್ ಬಡವರ ಆಟ. ಬ್ಯಾಟು ಬೇಡ, ಪ್ಯಾಡು ಬೇಡ. ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಂದಿ ಆಡಬಹುದು. ಆದರೆ ಸಸಿಮಡಿ ಹಾಕದವನು ನಾಟಿಗೆ ಆಳು ಕರೆದರೆ ಏನಾದೀತು ಎಂಬುದು ಸಿಂಧನೂರು ಸೀಮೆಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಮೈದಾನ, ಮಾಸ್ತರು, ವರ್ಷಪೂರ್ತಿ ಆಟ, ಇವು ಸಸಿಮಡಿ. ಲೀಗು ಆಮೇಲಿನ ನಾಟಿ. ಇದು ತಲೆಕೆಳಗಾದ ಕಡೆಯಲ್ಲೆಲ್ಲ ಬೆಳೆ ಬೇರೆಯವರ ಕಣಜಕ್ಕೆ ಹೋಗಿದೆ.

ಹೆಸರು ಇಲ್ಲಿಯದು, ಆಟ ಅಲ್ಲಿಯದು

ಫ್ರಾಂಚೈಸಿ ಎಂದರೆ ದೊಡ್ಡ ಗುಟ್ಟೇನಲ್ಲ. ಒಂದು ಊರಿನ ಹೆಸರನ್ನು ದುಡ್ಡು ಕೊಟ್ಟು ಗುತ್ತಿಗೆ ಹಿಡಿಯುವುದು. ಸಂತೆ ಕರ ವಸೂಲಿಗೆ ಹರಾಜು ಹಿಡಿದಂತೆ. ಹಿಡಿದವನು ತಂಡ ಕಟ್ಟುತ್ತಾನೆ, ಜಾಹೀರಾತು ತರುತ್ತಾನೆ, ಲಾಭವಾದರೆ ಇರುತ್ತಾನೆ, ಇಲ್ಲವಾದರೆ ಕೈ ತೊಳೆದುಕೊಳ್ಳುತ್ತಾನೆ.

ಕರ್ನಾಟಕದಲ್ಲಿ ಇದು ಕ್ರಿಕೆಟ್ಟಿನ ಮೂಲಕ ಬಂತು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾಯಿತು. ನಂತರದ ವರ್ಷಗಳಲ್ಲಿ ಬಿಜಾಪುರ ಬುಲ್ಸ್, ಬಳ್ಳಾರಿ ಟಸ್ಕರ್ಸ್, ಬೆಳಗಾವಿ ಪ್ಯಾಂಥರ್ಸ್ ಎಂದು ಕಿವಿಗೆ ಇಂಪಾದ ಹೆಸರುಗಳು ಬಂದವು. ಜಿಲ್ಲೆಗಳ ಹುಡುಗರಿಗೆ ಬಾಗಿಲು ತೆಗೆಯುತ್ತದೆ ಎಂದು ಹೇಳಲಾಯಿತು. ಕೆಲವರಿಗೆ ತೆಗೆದದ್ದೂ ನಿಜ. ಆದರೆ 2019ರಲ್ಲಿ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರು ಪೊಲೀಸರು ತಂಡದ ಮಾಲೀಕರನ್ನೂ ಆಟಗಾರರನ್ನೂ ಬಂಧಿಸಿದರು. ಲೀಗು ಅಲ್ಲಿಗೆ ನಿಂತಿತು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಆಟದ ನಿಯಮದ ಉಲ್ಲಂಘನೆ ಆಗಬಹುದೇ ಹೊರತು ದಂಡಸಂಹಿತೆಯ ವಂಚನೆ ಕಲಮಿನಡಿ ಬರುವುದಿಲ್ಲ ಎಂದು ಪ್ರಕರಣ ರದ್ದು ಮಾಡಿತು. ಕಾನೂನಿನ ಮಾತು ಕಾನೂನಿಗೆ. ಟಿಕೆಟು ತೆಗೆದು ನೋಡಿದವನ ವಿಶ್ವಾಸಕ್ಕೆ ಯಾವ ಕಲಮೂ ಇಲ್ಲ ಎಂಬುದಷ್ಟೇ ಜನರಿಗೆ ತಿಳಿದದ್ದು.

2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆಟ ಮತ್ತೆ ಶುರುವಾಯಿತು. ಮೊದಲ ವರ್ಷವೇ ಕಪ್ಪು ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ಕಲ್ಯಾಣ ಕರ್ನಾಟಕಕ್ಕೆ ಹೆಮ್ಮೆ ಎಂದು ಫ್ಲೆಕ್ಸು ಹಾಕಬಹುದಾಗಿತ್ತು. ನಾಯಕ ಮನೀಶ್ ಪಾಂಡೆ, ಜೊತೆಗೆ ದೇವದತ್ತ ಪಡಿಕ್ಕಲ್. ಇಬ್ಬರೂ ಭಾರತಕ್ಕೆ ಆಡಿದವರು, ಅವರ ಆಟದ ಬಗ್ಗೆ ಎರಡು ಮಾತಿಲ್ಲ. ಆದರೆ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಗುಲ್ಬರ್ಗದ ತಂಡ ಗುಲ್ಬರ್ಗದಲ್ಲಿ ಒಂದು ಪಂದ್ಯವನ್ನೂ ಆಡದೆ ಚಾಂಪಿಯನ್ ಆಯಿತು. ರಾಯಚೂರು ವಲಯದ ಒಂದಿಬ್ಬರು ಹುಡುಗರು ಇಂಥ ತಂಡಗಳಲ್ಲಿ ಇರಬಹುದು. ಅವರ ಆಟ ನೋಡಲು ಅವರ ಅಪ್ಪನಿಗೇ ಒಂದು ರಾತ್ರಿಯ ಬಸ್ ಪ್ರಯಾಣ ಬೇಕು.

ಹಾಗಾದರೆ ಈ ಜಿಲ್ಲೆಯಿಂದ ಯಾರೂ ಮೇಲೆ ಹೋಗಲೇ ಇಲ್ಲವೇ? ಹೋಗಿದ್ದಾರೆ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರೈಲ್ವೇಸ್ ತಂಡಕ್ಕೆ ಆಡಿ ಹೆಸರು ಮಾಡಿದರು. 2001-02 ಮತ್ತು 2004-05ರಲ್ಲಿ ರೈಲ್ವೇಸ್ ರಣಜಿ ಟ್ರೋಫಿ ಗೆದ್ದಾಗ ತಂಡದ ಬೆನ್ನೆಲುಬಾಗಿದ್ದರು. ಮುಂದೆ ಕರ್ನಾಟಕದ ನಾಯಕರೂ ಆದರು. ಅವರು ಬೆಳೆದು ನಿಂತದ್ದು ಹರಾಜಿನ ಕಾಲ ಬರುವ ಮೊದಲು. ಆಟಗಾರನಿಗೆ ಆಗ ನೆಲೆ ಕೊಡುತ್ತಿದ್ದದ್ದು ರೈಲ್ವೆಯಂಥ ಇಲಾಖೆಗಳು: ತಿಂಗಳ ಸಂಬಳ, ವರ್ಷಪೂರ್ತಿ ಆಟ.

ಕಾಗದ ಮುಗಿಯಿತು, ಆಟ ನಿಂತಿತು

ಫುಟ್ಬಾಲಿನ ದೊಡ್ಡ ಅಂಗಡಿಯ ಕತೆಯನ್ನೂ ನೋಡಬೇಕು. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಹಿಂದಿ ಸಿನಿಮಾ ನಟರು, ಕ್ರಿಕೆಟ್ ದೊರೆಗಳು ತಂಡ ಹಿಡಿದು ಕುಣಿದರು. ಅದಕ್ಕೂ ನಾಲ್ಕು ವರ್ಷ ಮೊದಲೇ, 2010ರಲ್ಲಿ, ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ತನ್ನ ವ್ಯಾಪಾರದ ಹಕ್ಕುಗಳನ್ನು ಹದಿನೈದು ವರ್ಷಕ್ಕೆ ಖಾಸಗಿ ಕಂಪನಿಗೆ ಬರೆದುಕೊಟ್ಟಿತ್ತು. ಆ ಕಾಗದದ ಅವಧಿ 2025ರ ಡಿಸೆಂಬರಿಗೆ ಮುಗಿಯುತ್ತ ಬಂತು. ಹೊಸ ಕಾಗದ ಆಗಲಿಲ್ಲ. ಸೆಪ್ಟೆಂಬರಿನ ಸುಮಾರಿಗೆ ಶುರುವಾಗಬೇಕಿದ್ದ ಲೀಗು 2025ನೇ ಇಸವಿ ಮುಗಿದರೂ ಶುರುವಾಗಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ದೇಶದ ಹೆಸರಾಂತ ಆಟಗಾರರಿಗೇ ಈ ಗತಿ. ಒಂದು ಒಪ್ಪಂದದ ಕಾಗದ ಮುಗಿದರೆ ಇಡೀ ದೇಶದ ಆಟ ನಿಲ್ಲುತ್ತದೆ ಎಂದ ಮೇಲೆ ಆ ಮನೆಯನ್ನು ಬುಡದಿಂದ ಕಟ್ಟಿಲ್ಲ, ಮಾಳಿಗೆಯಿಂದ ಕಟ್ಟಿದ್ದಾರೆ ಎಂದೇ ಅರ್ಥ.

ಬೆಂಗಳೂರು ಎಫ್‌ಸಿಗೂ ಈ ಸೀಮೆಗೂ ಒಂದು ನಂಟಿದೆ. 2013ರಲ್ಲಿ ಅದನ್ನು ಕಟ್ಟಿದ ಜೆಎಸ್‌ಡಬ್ಲ್ಯು ಕಂಪನಿಯ ಉಕ್ಕಿನ ಕಾರ್ಖಾನೆ ಇರುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಕ್ಲಬ್ಬಿನ ವಸತಿ ಅಕಾಡೆಮಿ ಶುರುವಾದದ್ದೂ ಅಲ್ಲಿಯ ವಿಜಯನಗರ ಟೌನ್‌ಶಿಪ್ಪಿನಲ್ಲಿ. ಸಿಂಧನೂರಿನಿಂದ ಸಿರುಗುಪ್ಪ, ಬಳ್ಳಾರಿ ದಾಟಿದರೆ ಆ ಗೇಟು. ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೆ ಆ ಗೇಟಿನ ದಾರಿಯನ್ನು ಇಲ್ಲಿಯ ಸರ್ಕಾರಿ ಶಾಲೆಯ ಹುಡುಗನಿಗೆ ತೋರಿಸುವವರು ಯಾರು? ಆಯ್ಕೆ ಯಾವಾಗ, ವಯಸ್ಸಿನ ದಾಖಲೆ ಏನು ಬೇಕು ಎಂದು ತಿಳಿದ ಒಬ್ಬ ಮಾಸ್ತರು ತಾಲೂಕಿಗೆ ಇದ್ದರೂ ಸಾಕಿತ್ತು.

ಗದ್ದೆಯಿಂದ ಎದ್ದ ಲೀಗು

ಈಗ ಕೇರಳಕ್ಕೆ ಬನ್ನಿ. 2024ರಲ್ಲಿ ಅಲ್ಲಿ ಸೂಪರ್ ಲೀಗ್ ಕೇರಳ ನಡೆಯಿತು. ಕೋಯಿಕ್ಕೋಡ್, ಕೊಚ್ಚಿ, ಕಣ್ಣೂರು, ಮಲಪ್ಪುರಂ, ತ್ರಿಶೂರು, ತಿರುವನಂತಪುರ ಎಂದು ಆರು ಊರಿನ ಹೆಸರಿನ ಆರು ತಂಡ. ಫೈನಲ್ಲಿನಲ್ಲಿ ಕ್ಯಾಲಿಕಟ್ ಎಫ್‌ಸಿ ತನ್ನ ಊರಿನ ಮೈದಾನದಲ್ಲೇ ಕೊಚ್ಚಿಯನ್ನು 2-1ರಿಂದ ಸೋಲಿಸಿತು. ಅದೂ ಫ್ರಾಂಚೈಸಿಯೇ, ಅಲ್ಲಿಯೂ ದುಡ್ಡಿದ್ದವರೇ ಮಾಲೀಕರು. ಹಾಗಿದ್ದರೂ ಕೋಯಿಕ್ಕೋಡಿನವನು ತನ್ನ ತಂಡವನ್ನು ತನ್ನ ಊರಿನಲ್ಲಿ ನೋಡಿದ. ಸಿಟಿ ಬಸ್ಸು ಹತ್ತಿ ಹೋಗಿ, ಕೂಗಿ, ಮನೆಗೆ ಬಂದು ಉಂಡ.

ಆದರೆ ಈ ಲೀಗು ಆಕಾಶದಿಂದ ಇಳಿದದ್ದಲ್ಲ. ಮಲಬಾರಿನಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಏಳೇಳು ಮಂದಿಯ 'ಸೆವೆನ್ಸ್' ಫುಟ್ಬಾಲ್ ತಲೆಮಾರುಗಳಿಂದ ನಡೆದುಬಂದಿದೆ. ಫೆಡರೇಷನ್ನಿನ ಮಾನ್ಯತೆ ಅದಕ್ಕಿಲ್ಲ. ಊರ ಸಮಿತಿ ಅಡಿಕೆ ಮರ, ಬಿದಿರು ಕಟ್ಟಿ ಗ್ಯಾಲರಿ ಎಬ್ಬಿಸುತ್ತದೆ, ಟಿಕೆಟು ಮಾರುತ್ತದೆ, ಉಳಿದ ದುಡ್ಡಿನಲ್ಲಿ ರೋಗಿಗೋ ಶಾಲೆಗೋ ಸಹಾಯ ಮಾಡುತ್ತದೆ. ಚಳಿಗಾಲದಿಂದ ಮುಂಗಾರಿನ ತನಕ ರಾತ್ರಿ ದೀಪದಲ್ಲಿ ಆಟ. ಜನ ಮೊದಲು ಸೇರಿದರು, ಮಾಲೀಕ ಆಮೇಲೆ ಬಂದ.

ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಐ.ಎಂ. ವಿಜಯನ್ ಭಾರತದ ನಾಯಕನಾದ. 2025ರಲ್ಲಿ ಪದ್ಮಶ್ರೀ ಬಂತು. ಆತನಿಗೆ ನೆಲೆ ಕೊಟ್ಟದ್ದು ಕೇರಳ ಪೊಲೀಸ್ ತಂಡ. ಇಲ್ಲೂ ಅದೇ ಮಾತು: ಹತ್ತಿರದಲ್ಲೊಂದು ಮೈದಾನ, ಕೈಹಿಡಿಯುವ ಕೋಚು, ಹೊಟ್ಟೆಗೊಂದು ನೌಕರಿ.

ಗದ್ದೆಗೆ ಮಲಬಾರಿಗೆ ಹೋಗಬೇಕೆ? ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜ ಎನಿಸಿಕೊಂಡಿತು. ಕೊಯ್ಲು ಮುಗಿದ ಗದ್ದೆ ಇಲ್ಲಿಯೂ ಇದೆ. ಅದರ ಮೇಲೆ ಓಡುವ ಕಾಲೂ ಇದೆ.

ಮರೆತುಹೋದ ಮಾಸ್ತರು

ಇನ್ನೊಂದು ಸಂಗತಿ ಈ ಭಾಗದವರಿಗೆ ಗೊತ್ತಿರಬೇಕಾದದ್ದು. 1956ರ ನವೆಂಬರ್ 1ರ ತನಕ ಈ ಮೂರೂ ಊರು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಹೈದರಾಬಾದಿನಲ್ಲಿ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮಾಸ್ತರು ಇದ್ದರು. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಕೋಚ್ ಆದರು. ಆ ಪೊಲೀಸ್ ತಂಡ 1950ರಿಂದ 1954ರ ತನಕ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ರಹೀಂ ಸಾಹೇಬರ ಕೈಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಭಾರತದ ಫುಟ್ಬಾಲ್ ಮತ್ತೆ ಅಷ್ಟು ಎತ್ತರಕ್ಕೆ ಏರಲೇ ಇಲ್ಲ. ಇವರ ಮೇಲೆ 2024ರಲ್ಲಿ 'ಮೈದಾನ್' ಎಂಬ ಹಿಂದಿ ಸಿನಿಮಾ ಬಂದಾಗಲೇ ಎಷ್ಟೋ ಮಂದಿಗೆ ಹೆಸರು ತಿಳಿದದ್ದು.

ಹಳೇ ಮೈಸೂರಿನ ಕಡೆಯ ಕತೆಯೂ ಬೇರೆಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1977ರಲ್ಲಿ ಮೊದಲ ಫೆಡರೇಷನ್ ಕಪ್ ನಡೆದಾಗ ಎರ್ನಾಕುಳಂನ ಫೈನಲ್ಲಿನಲ್ಲಿ ಮೋಹನ್ ಬಗಾನನ್ನು ಸೋಲಿಸಿದ್ದು ಬೆಂಗಳೂರಿನ ಐಟಿಐ, ಅಂದರೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರ ತಂಡ! 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಎತ್ತಿತು. ಅದಕ್ಕೆ ಮೊದಲು ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ 54 ವರ್ಷ. ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಡುವುದನ್ನು ನಿಲ್ಲಿಸುತ್ತ ಬಂದದ್ದೂ ಇದೇ ಕಾಲದಲ್ಲಿ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೂರು ಊರು, ಒಂದೇ ರಸ್ತೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿವೆ. ಸಿಂಧನೂರಿನಲ್ಲಿ ಹತ್ತಿದ ಬಸ್ಸು ಮಸ್ಕಿಯಲ್ಲಿ ಚಾ ಕುಡಿದು ಲಿಂಗಸುಗೂರು ಮುಟ್ಟುತ್ತದೆ. ಬೆಳಗ್ಗೆ ಹೋಗಿ, ಆಡಿ, ಸಂಜೆ ಮನೆಗೆ ಬರಬಹುದು. ಲಾಡ್ಜು ಬೇಡ, ಬಾಡಿಗೆ ಜೀಪು ಬೇಡ. ದೇವರು ಕೊಟ್ಟ ಲೀಗಿನ ದಾರಿ ಇದು.

ಸಿಂಧನೂರು ತಾಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರನ್ನು 1970ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಹಾಗೆ ಬಂದ ಬಂಗಾಳಿಗಳಿಗೆ ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಎಂದರೆ ಕಳೆದುಕೊಂಡ ಊರೇ. ಆ ಕ್ಲಬ್ಬಿನ ಸುವರ್ಣ ಕಾಲದ ಐದು ಮುಂಚೂಣಿ ಆಟಗಾರರನ್ನು ಜನ 'ಪಂಚಪಾಂಡವರು' ಎಂದು ಕರೆಯುತ್ತಿದ್ದರು. ಅವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಬಂಗಾಳಿಗೆ ಕನ್ನಡ ನೆಲದ ಪರಿಚಯ ಮಾಡಿಸಿದ್ದೇ ಫುಟ್ಬಾಲ್. ಅರ್ಧ ಶತಮಾನದಿಂದ ಭತ್ತದ ಗದ್ದೆಯಲ್ಲಿ ಜೊತೆಗೆ ದುಡಿದ ಕ್ಯಾಂಪಿನ ಹುಡುಗರೂ ಊರಿನ ಹುಡುಗರೂ ಒಂದೇ ಜೆರ್ಸಿ ತೊಟ್ಟರೆ ಅದಕ್ಕಿಂತ ದೊಡ್ಡ ಭಾಷಣ ಯಾವ ಪುಢಾರಿಯೂ ಮಾಡಲಾರ.

ಲಿಂಗಸುಗೂರು 1905ರ ತನಕ ಜಿಲ್ಲಾ ಕೇಂದ್ರವಾಗಿದ್ದ ಊರು, ಹೈದರಾಬಾದ್ ಕಂಟಿಂಜೆಂಟ್ ಪಲ್ಟನ್ನಿನ ಛಾವಣಿ ಇದ್ದ ಊರು. ಅದೇ ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಸರ್ಕಾರದ್ದೇ ಕಂಪನಿ. ಟೆಲಿಫೋನ್ ಕಾರ್ಖಾನೆ ದೇಶದ ಕಪ್ಪು ಗೆಲ್ಲಬಹುದಾದರೆ ಚಿನ್ನದ ಗಣಿ ತಾಲೂಕಿನ ಹುಡುಗರಿಗೆ ಒಬ್ಬ ಕಾಯಂ ಕೋಚನ್ನು ಇಡಲಾರದೆ? ಭೂಮಿಯ ಕೆಳಗಿನ ಚಿನ್ನ ತೆಗೆಯುವವರಿಗೆ ಭೂಮಿಯ ಮೇಲೆ ಓಡಾಡುವುದು ಕಾಣಬೇಡವೆ?

ಮಸ್ಕಿಯದು ಇನ್ನೂ ಚೆಂದದ ಪಾಠ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. 1915ರಲ್ಲಿ ಚಿನ್ನದ ಹುಡುಕಾಟಕ್ಕೆ ಬಂದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಿತ್ತು. ಶಾಸನಗಳ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾಯಿತು. ಅಕ್ಷರ ಹೊಸದಾಗಿ ಹುಟ್ಟಲಿಲ್ಲ, ಓದುವ ಕಣ್ಣು ಬಂತು. ಪ್ರತಿಭೆಯ ವಿಷಯವೂ ಅಷ್ಟೇ. ಹುಡುಗರು ಇದ್ದಾರೆ. ನೋಡುವವರು ಈ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವುದಿಲ್ಲ.

ಮಾಡುವುದಾದರೆ ಹೀಗೆ

ಕೋಟಿಗಟ್ಟಲೆ ಬೇಡ. ಊರಿಗೆ ಎರಡರಂತೆ ಆರು ತಂಡ. ಸಿಂಧನೂರಿನ ಪಾಲಿನ ಒಂದು ಕ್ಯಾಂಪುಗಳಿಗೆ, ಲಿಂಗಸುಗೂರಿನ ಪಾಲಿನ ಒಂದು ಹಟ್ಟಿಗೆ. ಹದಿನೇಳು ವರ್ಷದೊಳಗಿನ ಹುಡುಗರು. ಪ್ರತಿ ತಂಡ ಉಳಿದ ಐದರೊಡನೆ ಎರಡೆರಡು ಸಲ ಆಡಿದರೆ ಒಟ್ಟು 30 ಪಂದ್ಯ. ಭಾನುವಾರಕ್ಕೆ ಮೂರರಂತೆ ಹತ್ತು ಭಾನುವಾರ. ಡಿಸೆಂಬರಿನಲ್ಲಿ ಹಿಡಿದರೆ ಫೆಬ್ರುವರಿಗೆ ಮುಗಿಯುತ್ತದೆ, ಬಿಸಿಲು ನೆತ್ತಿ ಸುಡುವ ಮೊದಲೇ. ನಾಲ್ಕು ದಿನದ ಡಿಜೆ ಲೀಗಿಗೂ ಹತ್ತು ವಾರದ ಲೀಗಿಗೂ ಇರುವ ಅಂತರ ಇಷ್ಟೇ: ಒಂದರಲ್ಲಿ ಹುಡುಗ ಕುಣಿಯುತ್ತಾನೆ, ಇನ್ನೊಂದರಲ್ಲಿ ಕಲಿಯುತ್ತಾನೆ.

ಮೈದಾನಕ್ಕೆ ಎರಡು ಎಕರೆ ಸಾಕು. ಆದರೆ ಇಲ್ಲಿಯದು ಎರೆ ನೆಲ. ಮಳೆಗೆ ಅಂಟುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕಿದರೆ ಮೊಣಕಾಲು ಹೋಯಿತು. ಮೇಲೆ ಗರಸು ಹರಡಿ, ನೀರು ಹೊಡೆದು, ರೋಲರ್ ಎಳೆಯಬೇಕು. ಇದು ಪಿಡಬ್ಲ್ಯುಡಿಯ ಸಣ್ಣ ಗುತ್ತಿಗೆದಾರನಿಗೂ ಗೊತ್ತಿರುವ ಕೆಲಸ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಬಜೆಟ್ಟಿನಿಂದೀಚೆಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಸರ್ಕಾರ ಘೋಷಿಸುತ್ತ ಬಂದಿದೆ. ಅದರಲ್ಲಿ ಮೂರು ಮೈದಾನದ ಗರಸಿಗೆ ಎಷ್ಟು ಸೊನ್ನೆ ಬೇಕು? 371(ಜೆ) ಕಲಂ 2013ರಲ್ಲಿ ಬಂತು. ಓದಿಗೆ, ನೌಕರಿಗೆ ಮೀಸಲಾತಿ ಕೊಟ್ಟಿತು. ಆಟದ ಆಯ್ಕೆಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಕಾಲಿನ ಬಲವೇ ಕಲಂ. ಆ ಬಲ ಬೆಳೆಸಲು ಮೈದಾನ ಬೇಕು.

ಹೆಣ್ಣುಮಕ್ಕಳನ್ನು ಬಿಟ್ಟು ಲೀಗು ಮಾಡಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಮಸ್ಕಿಯ ಹುಡುಗಿ ಸಿಂಧನೂರಿಗೆ ಬಂದು ಆಡಿ ಹೋಗಲು ಈಗ ಅಡ್ಡಿ ಬಸ್ ಚಾರ್ಜಲ್ಲ. ಬಟ್ಟೆ ಬದಲಿಸಲು ಒಂದು ಕೋಣೆ, ಜೊತೆಗೊಬ್ಬ ಶಿಕ್ಷಕಿ, ಕತ್ತಲಾಗುವ ಮೊದಲು ಮುಗಿಯುವ ಆಟ, ಇಷ್ಟಿಲ್ಲದಿರುವುದೇ ಅಡ್ಡಿ.

ಇನ್ನು ವರ್ತಕರ ಮಾತು. ಅವರ ಗಲ್ಲಾಪೆಟ್ಟಿಗೆ ತುಂಬುವುದು ಕಾಲುವೆ ತುಂಬಿದಾಗ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕೆಂದು 2025ರ ಕೊನೆಗೆ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ಎರಡನೇ ಬೆಳೆ ಇಲ್ಲದ ವರ್ಷ ಗೊಬ್ಬರದ ಅಂಗಡಿಯೂ ಬಟ್ಟೆ ಅಂಗಡಿಯೂ ಒಟ್ಟಿಗೇ ಬಿಕೋ ಎನ್ನುತ್ತವೆ. ಹಾಗಿರುವಾಗ ಒಬ್ಬ ದೊಡ್ಡ ಸಾವಕಾರನ ಹೆಗಲಿಗೆ ತಂಡ ಕಟ್ಟಿದರೆ ಅವನು ಕುಸಿದ ದಿನ ತಂಡವೂ ಕುಸಿಯುತ್ತದೆ. ನೂರು ಅಂಗಡಿಯ ಸಣ್ಣ ಸಣ್ಣ ಪಾಲು ಇದ್ದರೆ ತಂಡ ಉಳಿಯುತ್ತದೆ. ಅದೇ ನಿಜವಾದ ಫ್ರಾಂಚೈಸಿ. ಮಾಲೀಕ ಒಬ್ಬನಲ್ಲ, ಬಜಾರು.

ಆದರೆ ದುಡ್ಡು ಕೊಟ್ಟವರು ಕರಾರನ್ನೂ ಹಾಕಬೇಕು. ಒಂದು, ಕಮಿಟಿ ಮೂರು ವರ್ಷ ಬದಲಾಗಬಾರದು, 'ಬ್ಯಾರೆ ಕಮಿಟಿ' ಮಾತು ನಡೆಯಕೂಡದು. ಎರಡು, ಬಂದದ್ದು ಹೋದದ್ದರ ಲೆಕ್ಕವನ್ನು ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಬೇಕು. ಮೂರು, ಅರ್ಧಕ್ಕಿಂತ ಹೆಚ್ಚು ದುಡ್ಡು ಮೈದಾನಕ್ಕೆ, ಕೋಚಿಗೆ, ಚೆಂಡಿಗೆ. ಫ್ಲೆಕ್ಸಿಗೂ ಡಿಜೆಗೂ ಬಿಡಿಗಾಸಿಲ್ಲ. ನಾಲ್ಕು, ಆಡುವ ಹನ್ನೊಂದರಲ್ಲಿ ಎಂಟು ಮಂದಿ ಅದೇ ತಾಲೂಕಿನ ಶಾಲೆ, ಹಾಸ್ಟೆಲಿನವರು. ಐದು, ಹದಿನೆಂಟು ತುಂಬದ ಮಕ್ಕಳನ್ನು ಹರಾಜಿಗೆ ನಿಲ್ಲಿಸುವುದು ಬಂದ್. ದನದ ಸಂತೆ ಬೇರೆ, ಶಾಲೆ ಮಕ್ಕಳು ಬೇರೆ. ಆರು, ಮೈದಾನದ ಸುತ್ತ ಬೆಟ್ಟಿಂಗ್ ನಡೆಸಿದ್ದು ಕಮಿಟಿಯವನೇ ಆಗಿದ್ದರೂ ಪೊಲೀಸರಿಗೆ ಒಪ್ಪಿಸಬೇಕು. ರಾಜ್ಯದ ದೊಡ್ಡ ಲೀಗೇ ಆ ಆರೋಪದಲ್ಲಿ ಮುಚ್ಚಿಹೋಯಿತು, ಊರಿನ ಲೀಗಿಗೆ ಅದನ್ನು ತಾಳುವ ಶಕ್ತಿ ಎಲ್ಲಿಂದ ಬಂದೀತು?

ಸರ್ಕಾರವನ್ನೂ ಬಿಡುವಂತಿಲ್ಲ. ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಶಾಲಾ ಕ್ರೀಡಾಕೂಟ ವರ್ಷಕ್ಕೊಮ್ಮೆ ನಡೆಯುತ್ತದೆ. ಬೆಳಗ್ಗೆ ಸೋತ ತಂಡಕ್ಕೆ ಮಧ್ಯಾಹ್ನದ ಊಟದೊಂದಿಗೆ ವರ್ಷದ ಆಟವೇ ಮುಗಿಯುತ್ತದೆ. ಇದ್ದ ದೈಹಿಕ ಶಿಕ್ಷಕನನ್ನು ಗಣತಿಗೆ, ಚುನಾವಣೆಗೆ, ಬಿಸಿಯೂಟದ ಲೆಕ್ಕಕ್ಕೆ ಓಡಿಸಲಾಗುತ್ತದೆ. ರಹೀಂ ಸಾಹೇಬರಂಥವರು ಇಂದು ಇಲ್ಲಿಯ ಸರ್ಕಾರಿ ಶಾಲೆಯಲ್ಲಿದ್ದರೆ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಿದ್ದರು. ತಾಲೂಕಿಗೆ ಒಬ್ಬ ಪಿ.ಟಿ. ಮಾಸ್ತರನ್ನು ಇವುಗಳಿಂದ ಬಿಡಿಸಿ ಮೈದಾನಕ್ಕೇ ನೇಮಿಸಿದರೆ ಇಲಾಖೆಯ ಬೊಕ್ಕಸ ಬರಿದಾಗುವುದಿಲ್ಲ.

ಶಾಸಕರು ಒಂದು ವರ್ಷ ಕಪ್ಪು ಕೊಡುವುದನ್ನು ಬಿಟ್ಟು ಮೈದಾನ ಕೊಡಲಿ. ಕಪ್ಪು ಒಬ್ಬನ ಮನೆಯ ಶೋಕೇಸಿಗೆ ಹೋಗುತ್ತದೆ, ಮೈದಾನ ಊರಿಗೆ ಉಳಿಯುತ್ತದೆ. ಅದರ ಮೇಲೆ ಸಂಜೆ ಬಹಿರಂಗ ಸಭೆ ಮಾಡುವುದಿಲ್ಲ ಎಂದೂ ಬರೆದುಕೊಡಲಿ.

ಇದಕ್ಕೆಲ್ಲ ಸಮಯ ಬಹಳ ಇದೆ ಎಂದು ತಿಳಿಯುವವರು ಒಂದು ಲೆಕ್ಕ ಹಾಕಬೇಕು. ಫುಟ್ಬಾಲಿನಲ್ಲಿ ಕಾಲು ಪಳಗುವುದು ಹತ್ತರಿಂದ ಹದಿನೇಳರ ಒಳಗೆ. ಇಂದು ಹದಿಮೂರು ತುಂಬಿದ ಹುಡುಗನಿಗೆ ನಾಲ್ಕು ವರ್ಷ ಕಾಯಿರಿ ಎಂದರೆ ಅವನ ಪಾಲಿಗೆ ಆಟ ಮುಗಿದಂತೆಯೇ. ಮಳೆ ಕೈಕೊಟ್ಟ ವರ್ಷ, ಕಾಲುವೆ ಬತ್ತಿದ ವರ್ಷ ಅವನ ಅಪ್ಪ ಅವ್ವ ಗುಳೆ ಹೊರಡುತ್ತಾರೆ. ಹುಡುಗನೂ ರಾತ್ರಿ ಬಸ್ಸಿನಲ್ಲಿ ಚೀಲ ಹಿಡಿದು ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಯಾವುದೋ ಸ್ಟೇಡಿಯಮ್ಮಿನ ಗೋಡೆಗೆ ಸಿಮೆಂಟು ಹೊರುತ್ತಾನೆ. ಒಳಗೆ ಆಡುವ ತಂಡದ ಹೆಸರು ಅವನ ಸೀಮೆಯದೇ ಇರಬಹುದು. ಗೇಟಿನ ಕಾವಲುಗಾರ ಅವನನ್ನು ಒಳಗೆ ಬಿಡುವುದಿಲ್ಲ.